ಹೊರನಾಡ ಮಗುವಿಗೆ ಕನ್ನಡದ ಕಥೆ: ಬರೆಯುವವರು ಯಾರು, ಓದಿ ಹೇಳುವವರು ಯಾರು?

ಸಂಘದ ವಾರ್ಷಿಕೋತ್ಸವ. ಛದ್ಮವೇಷ, ಭಾವಗೀತೆ, ಭಾಷಣ ಸ್ಪರ್ಧೆಗಳಲ್ಲಿ ಗೆದ್ದ ಮಕ್ಕಳು ವೇದಿಕೆಯಲ್ಲಿ ಸಾಲಾಗಿ ನಿಂತಿದ್ದಾರೆ. ಅತಿಥಿಗಳ ಕೈಯಿಂದ ಪ್ರಮಾಣಪತ್ರದ ಜೊತೆಗೆ ಒಂದೊಂದು ಕನ್ನಡ ಪುಸ್ತಕವೂ ಸಿಗುತ್ತದೆ. ಫೋಟೋ ತೆಗೆದಾಗುತ್ತದೆ, ಚಪ್ಪಾಳೆ ಬೀಳುತ್ತದೆ. ಮನೆ ಸೇರಿದ ಪುಸ್ತಕ ಕಪಾಟಿನೊಳಗೆ ಹೋಗುತ್ತದೆ. ಮರುವರ್ಷದ ಬಹುಮಾನ ಬರುವವರೆಗೂ ಅದನ್ನು ಯಾರೂ ತೆರೆಯುವುದಿಲ್ಲ.

ಹೊರನಾಡಿನ ಯಾವ ಕನ್ನಡ ಸಂಘದ ಸದಸ್ಯರಿಗೂ ಈ ದೃಶ್ಯ ಹೊಸದಲ್ಲ. ಮಗುವಿಗೆ ಕನ್ನಡ ಅರ್ಥವಾಗುತ್ತದೆ. ಅಲ್ಪಸ್ವಲ್ಪ ಮಾತೂ ಬರುತ್ತದೆ. ಭಾಷಣವನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರಗಳಲ್ಲೋ ಬರೆದುಕೊಂಡು ಬಾಯಿಪಾಠ ಮಾಡಿ ಬಹುಮಾನವನ್ನೂ ಗೆದ್ದಿರುತ್ತದೆ. ಆದರೆ ಓದಲು ಬಾರದು. ಮುಂಬಯಿ ಮಹಾನಗರಪಾಲಿಕೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿದ್ದರೂ, ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತ ತಲೆಮಾರಿನ ಮೊಮ್ಮಕ್ಕಳಲ್ಲಿ ಹೆಚ್ಚಿನವರು ಈಗ ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಮಾತೂ ಹೆಚ್ಚುಕಡಿಮೆ ಇದೇ.

ಹಾಗಾದರೆ ಈ ಮಗುವಿಗೆ ಕನ್ನಡದಲ್ಲಿ ಕಥೆ ಬರೆಯುವುದರಲ್ಲಿ ಅರ್ಥವಿದೆಯೇ? ಖಂಡಿತ ಇದೆ. ಆದರೆ ಆ ಕಥೆಯನ್ನು ಮೊದಲು ಓದುವವರು ಮಗು ಅಲ್ಲ, ಮನೆಯ ಅಜ್ಜಿ, ಅಜ್ಜ, ಅಮ್ಮ, ಅಪ್ಪ. ಮಗು ಮೊದಲು ಕೇಳುತ್ತದೆ, ಆಮೇಲೆ ಓದುತ್ತದೆ. ಆದ್ದರಿಂದ ಹೊರನಾಡಿನಲ್ಲಿ ಮಕ್ಕಳ ಕಥೆ ಬರೆಯಲು ಹೊರಟವರು ಕಣ್ಣಿಗಿಂತ ಮುಂಚೆ ಕಿವಿಗೆ ಬರೆಯುವುದನ್ನು ಕಲಿಯಬೇಕಾಗುತ್ತದೆ. ಈ ಒಂದು ಪಾಠ ಕೈಗೆ ಹತ್ತಿದರೆ ಉಳಿದದ್ದೆಲ್ಲ ಅಭ್ಯಾಸದ ಮಾತು.

ಮಕ್ಕಳ ನಡುವೆ ಕುಳಿತು ಕಲಿತವರು

ಕನ್ನಡದ ಶಿಶುಸಾಹಿತ್ಯ ಬೆಳೆದು ಬಂದದ್ದೇ ಹೀಗೆ. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರು (1874-1937) ವೃತ್ತಿಯಲ್ಲಿ ಅಧ್ಯಾಪಕರಾಗಿ, ಬಳಿಕ ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದವರು. ತರಗತಿಗೆ ಹೋದರೆ ಮಕ್ಕಳೆದುರು ಹಾಡಿ, ಕಥೆ ಹೇಳಿ ರಂಜಿಸುತ್ತಿದ್ದವರು. ಅವರ 'ಒಡ್ಡನ ಓಟ', 'ಗುಡುಗುಡು ಗುಮ್ಮಟ ದೇವರು' ಮುಂತಾದ ಕಥೆಗಳ ಶೀರ್ಷಿಕೆಯನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದರೆ ಸಾಕು, ಅವು ಬಾಯಿಗೂ ಕಿವಿಗೂ ಹೊಂದುವಂತೆ ಹುಟ್ಟಿದ ಮಾತುಗಳು ಎಂಬುದು ತಿಳಿಯುತ್ತದೆ.

ಜಿ.ಪಿ. ರಾಜರತ್ನಂ ಅವರು ಎಂ.ಎ. ಮುಗಿಸಿದ ಮೇಲೆ ಕೆಲಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳಿದ್ದರು. 'ತುತ್ತೂರಿ'ಯ ಪದ್ಯಗಳ ಹಿಂದೆ ಆ ತರಗತಿಯ ಅನುಭವವಿದೆ. ಕೋಟ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಪ್ರಯೋಗಗಳನ್ನು ನಡೆಸಿದರು, 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು. ಈ ಮೂವರೂ ಮಕ್ಕಳಿಗೆ ಬರೆಯುವುದನ್ನು ಮಕ್ಕಳ ನಡುವೆ ಇದ್ದೇ ಕಲಿತವರು ಎಂಬುದು ಗಮನಾರ್ಹ.

ಇನ್ನೊಂದು ಮಾತನ್ನು ಹೊರನಾಡ ತುಳು-ಕನ್ನಡಿಗರು ನೆನಪಿಡಬೇಕು. "ನಮ್ಮ ಮನೆಮಾತು ತುಳು, ಕನ್ನಡದಲ್ಲಿ ಬರೆಯಲು ನಮಗೆಲ್ಲಿ ಬರುತ್ತದೆ?" ಎಂದು ಹಿಂಜರಿಯುವವರು ಸಂಘಗಳಲ್ಲಿ ಬಹಳ. ಪಂಜೆಯವರ ಮನೆಮಾತು ಕೊಂಕಣಿ. ಮಾಸ್ತಿಯವರದು ತಮಿಳು. ಬೇಂದ್ರೆಯವರದು ಮರಾಠಿ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಕೇಳಿ ಬೆಳೆದ ಕಿವಿ ಬರಹಗಾರನಿಗೆ ಆಸ್ತಿಯೇ ಹೊರತು ಕೊರತೆಯಲ್ಲ.

ಕಾರ್ಕಳದ ಹುಡುಗ, ಮುಂಬಯಿಯ 'ಅಂಕಲ್'

ಮಕ್ಕಳಿಗಾಗಿ ಪ್ರಕಟಿಸುವುದನ್ನು ಸೋತು ಕಲಿತವರ ಉದಾಹರಣೆ ಬೇಕಿದ್ದರೆ ಮುಂಬಯಿಯವರು ದೂರ ಹುಡುಕಬೇಕಾಗಿಲ್ಲ. 1929ರಲ್ಲಿ ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಹನ್ನೆರಡರ ಪ್ರಾಯದಲ್ಲಿ ಮುಂಬಯಿಗೆ ಬಂದು ಮಾಹಿಮ್‌ನ ಶಾಲೆಯಲ್ಲಿ ಓದಿದವರು. ಕಲಿತದ್ದು ರಸಾಯನಶಾಸ್ತ್ರ ಮತ್ತು ರಾಸಾಯನಿಕ ತಂತ್ರಜ್ಞಾನ, ಒಲಿದದ್ದು ಮಕ್ಕಳ ಪ್ರಕಟಣೆ. 1954ರಲ್ಲಿ ಅವರು 'ಮಾನವ್' ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿದರು. ಅದು ನಿಲ್ಲಲಿಲ್ಲ. ಸೋತ ಬಳಿಕ ಅವರು ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗ ಸೇರಿ ಅಚ್ಚು, ಚಿತ್ರ, ಮಾರಾಟಗಳ ಒಳಹೊರಗನ್ನು ಕಲಿತರು. 1964ರಲ್ಲಿ ಅಲ್ಲಿಂದ ಹೊರಬಂದ 'ಇಂದ್ರಜಾಲ ಕಾಮಿಕ್ಸ್'ನ ಕೆಲಸದಲ್ಲಿ ಅವರೂ ಇದ್ದರು.

1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆಯೊಂದನ್ನು ನೋಡುತ್ತಿದ್ದಾಗ, ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರು ಎಂಬ ಪ್ರಶ್ನೆಗೆ ಉತ್ತರಿಸಲಾರದೆ ಹೋದುದನ್ನು ಕಂಡು ಅವರಿಗೆ 'ಅಮರ ಚಿತ್ರ ಕಥಾ'ದ ಯೋಚನೆ ಬಂತೆಂಬುದು ಅವರೇ ಮತ್ತೆಮತ್ತೆ ಹೇಳುತ್ತಿದ್ದ ಪ್ರಸಂಗ. ಇಂಡಿಯಾ ಬುಕ್ ಹೌಸ್ ಪ್ರಕಟಿಸಿದ ಆ ಇಂಗ್ಲಿಷ್ ಮಾಲಿಕೆಯ ಮೊದಲ ಪುಸ್ತಕ 'ಕೃಷ್ಣ'ದ ಕ್ರಮಸಂಖ್ಯೆ 1 ಅಲ್ಲ, 11. ಮೊದಲ ಹತ್ತು ಸಂಖ್ಯೆಗಳು ಕನ್ನಡದಲ್ಲಿ ಬಂದಿದ್ದ, ಪಾಶ್ಚಾತ್ಯ ಕಥೆಗಳನ್ನು ಆಧರಿಸಿದ ಪುಸ್ತಕಗಳಿಗೆ ಸಂದಿದ್ದವು. ದೇಶದ ಮಕ್ಕಳೆಲ್ಲ ಓದಿದ ಮಾಲಿಕೆಯ ಆರಂಭದ ಅಂಕಿಗಳಲ್ಲಿ ಕನ್ನಡವಿದೆ ಎಂಬುದು ಹೆಮ್ಮೆಯ ಮಾತು.

1980ರಲ್ಲಿ ಆರಂಭವಾದ 'ಟಿಂಕಲ್' ಪತ್ರಿಕೆಯಲ್ಲಿ ಪೈಯವರು ಇನ್ನೊಂದು ಹೆಜ್ಜೆ ಇಟ್ಟರು. ಓದುಗರಿಂದಲೇ ಕಥೆಗಳನ್ನು ಆಹ್ವಾನಿಸಿ, ಕಳುಹಿಸಿದವರ ಹೆಸರು ಹಾಕಿ ಚಿತ್ರಕಥೆಯಾಗಿ ಪ್ರಕಟಿಸಿದರು. ಜನಪ್ರಿಯ 'ಸುಪ್ಪಂಡಿ' ಕೂಡ ತಮಿಳುನಾಡಿನ ಓದುಗರೊಬ್ಬರು ಕಳುಹಿಸಿದ ಕಥೆಗಳಿಂದ ಹುಟ್ಟಿಕೊಂಡ ಪಾತ್ರ. 2011ರ ಫೆಬ್ರವರಿ 24ರಂದು ಮುಂಬಯಿಯಲ್ಲಿ ನಿಧನರಾಗುವಷ್ಟರಲ್ಲಿ 'ಅಂಕಲ್ ಪೈ' ದೇಶದ ಹಲವು ತಲೆಮಾರುಗಳ ಮಕ್ಕಳಿಗೆ ಕಥೆ ಹೇಳಿಯಾಗಿತ್ತು.

ಅವರ ಬದುಕಿನಿಂದ ಹೊಸ ಬರಹಗಾರರು ಕಲಿಯಬಹುದಾದದ್ದು ಮೂರು. ಮೊದಲ ಸೋಲು ಕೊನೆಯದಲ್ಲ. ಅಚ್ಚಿನ ಕೆಲಸ ತಿಳಿಯದೆ ಮಕ್ಕಳ ಪುಸ್ತಕವಾಗದು. ಮಕ್ಕಳು ಮತ್ತು ಓದುಗರ ಮಾತಿಗೆ ಕಿವಿಗೊಟ್ಟವನಿಗೆ ಕಥೆಯ ಬರ ಬಾರದು.

ಊರಿನ ನೆನಪು, ಮಗುವಿನ ನಗರ

ಸಂಘದ ಸ್ಮರಣ ಸಂಚಿಕೆಗೆ ಮಕ್ಕಳ ಕಥೆ ಬರೆದುಕೊಡಿ ಎಂದರೆ ಬಹುಪಾಲು ಕಥೆಗಳು ಹೀಗೆ ಆರಂಭವಾಗುತ್ತವೆ: "ಒಂದಾನೊಂದು ಕಾಲದಲ್ಲಿ ಒಂದು ಗ್ರಾಮದಲ್ಲಿ ಸದ್ಗುಣಸಂಪನ್ನನಾದ ಕೃಷಿಕನೊಬ್ಬನು ವಾಸಿಸುತ್ತಿದ್ದನು." ಮುಂದೆ ಸೋಮಾರಿ ಮಗ ಬರುತ್ತಾನೆ, ಹಿರಿಯರ ಬುದ್ಧಿಮಾತು ಬರುತ್ತದೆ, ಕೊನೆಗೊಂದು ನೀತಿ. ಬರೆದವರಿಗೆ ಊರಿನ ಗದ್ದೆಬಯಲು ಕಣ್ಣಮುಂದೆ ಬಂದು ಕಣ್ಣು ತೇವವಾಗಿರಬಹುದು. ಆದರೆ ಡೊಂಬಿವಲಿಯ ಆರನೇ ಮಹಡಿಯ ಮಗು ಆ ಗದ್ದೆಯನ್ನು ರಜೆಯಲ್ಲಿ ನಾಲ್ಕು ದಿನ ನೋಡಿದರೆ ಹೆಚ್ಚು. ಅದು ಹಿರಿಯರ ನೆನಪು, ಮಗುವಿನ ಬದುಕಲ್ಲ.

ಊರಿನ ಕಥೆ ಬೇಡ ಎಂದಲ್ಲ. ಕೋಟಿ ಚೆನ್ನಯರ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಮಗು ನಿತ್ಯ ಕಾಣುವ ಲೋಕಲ್ ರೈಲು, ಮಳೆಗಾಲದ ನೀರು, ಕಟ್ಟಡದ ವಾಚ್‌ಮನ್, ಗಣೇಶೋತ್ಸವದ ಮಂಟಪ, ಮೂರು ಭಾಷೆ ಬೆರೆಸಿ ಮಾತಾಡುವ ಗೆಳೆಯರು ಕನ್ನಡ ಕಥೆಯೊಳಗೆ ಬಾರದಿದ್ದರೆ, ಕನ್ನಡವೆಂದರೆ ಎಲ್ಲೋ ದೂರದ, ಅಜ್ಜನ ಕಾಲದ ಭಾಷೆ ಎಂಬ ಭಾವನೆ ಮಗುವಿನಲ್ಲಿ ಬೇರೂರುತ್ತದೆ. ವ್ಯಾಸರಾಯ ಬಲ್ಲಾಳ, ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಅವರಂಥವರು ಮುಂಬಯಿಯ ಬದುಕನ್ನು ಕನ್ನಡ ಕಥನದ ದೊಡ್ಡ ವಸ್ತುವಾಗಿಸಿದ್ದಾರೆ. ಅದೇ ನಗರವನ್ನು ಎಂಟು ವರ್ಷದ ಮಗುವಿನ ಎತ್ತರದಿಂದ ನೋಡುವ ಕನ್ನಡ ಕಥೆಗಳು ಸಾಕಷ್ಟು ಬಂದಿಲ್ಲ.

ಒಂದು ಉದಾಹರಣೆ ನೋಡೋಣ. ಮುಂಬಯಿಯ ಡಬ್ಬಾವಾಲಾಗಳು ಊಟದ ಡಬ್ಬಗಳ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಂಕಿ, ಅಕ್ಷರ, ಗುರುತುಗಳ ಆಧಾರದಿಂದ ಅವನ್ನು ಹಂಚುತ್ತಾರೆಂಬುದು ಎಲ್ಲರಿಗೂ ಗೊತ್ತು. ಒಂದು ಡಬ್ಬದ ಬಣ್ಣ ಮಾಸಿತು ಎನ್ನಿ. ಅಜ್ಜಿ ಮಾಡಿದ ನೀರುದೋಸೆ ಇನ್ನಾರಿಗೋ ಹೋಯಿತು, ಅಪ್ಪನಿಗೆ ಯಾರದೋ ಮನೆಯ ಥಾಲಿಪೀಠ ಬಂತು. ಸಂಜೆ ಪುಟ್ಟಿಯ ಪ್ರಶ್ನೆ: "ನಮ್ಮ ಅಜ್ಜಿಯ ದೋಸೆ ತಿಂದದ್ದು ಯಾರು?" ಇಷ್ಟಾದರೆ ಕಥೆ ಹೊರಟಿತು. ಇಲ್ಲಿ ಮಗುವಿಗೆ ಪರಿಚಿತ ಲೋಕವಿದೆ, ಒಂದು ತೊಂದರೆಯಿದೆ, ಮುಂದೇನೆಂಬ ಕುತೂಹಲವೂ ಇದೆ.

ಇನ್ನು ಈ ತೊಂದರೆಯನ್ನು ಬಗೆಹರಿಸುವವರು ಯಾರು? ಹೊಸಬರು ಎಡವುವುದು ಇಲ್ಲೇ. ಅಪ್ಪ ಫೋನು ಮಾಡಿ ಸರಿಪಡಿಸಿದರೆ ಅದು ಅಪ್ಪನ ಕಥೆ. ಪುಟ್ಟಿಯೇ ಡಬ್ಬವನ್ನು ತಿರುಗಿಸಿ ಮುರುಗಿಸಿ ನೋಡಿ, ಬಣ್ಣ ಮಾಸಿದ್ದನ್ನು ಪತ್ತೆ ಹಚ್ಚಿ, ಹೊಸ ಬಣ್ಣದಲ್ಲಿ ಗುರುತು ಬರೆದು, ಪಕ್ಕದಲ್ಲಿ ಅಂದು ತಾನೇ ಕಲಿತ 'ಅ' ಅಕ್ಷರವನ್ನೂ 'ಅಜ್ಜಿ' ಎಂಬುದಕ್ಕಾಗಿ ಬರೆದರೆ ಅದು ಮಗುವಿನ ಕಥೆ. ಎರಡು ದಿನ ಕಳೆದು ಬರುವ ಡಬ್ಬದಲ್ಲಿ, ದೋಸೆ ತಿಂದ ಆ ಅಪರಿಚಿತರು ಕಳುಹಿಸಿದ ಒಂದು ಲಾಡು ಇರಬಹುದು. "ಆದುದರಿಂದ ಮಕ್ಕಳೇ, ಹಂಚಿ ತಿನ್ನಬೇಕು" ಎಂದು ಕೊನೆಯಲ್ಲಿ ಸೇರಿಸುವ ಅಗತ್ಯವಿಲ್ಲ. ಲಾಡು ಕಂಡೊಡನೆ ಮಗುವಿಗೆ ಅದು ತಿಳಿದಿರುತ್ತದೆ.

ಭಾಷೆ ಸರಳ, ಆದರೆ ಸಪ್ಪೆಯಲ್ಲ

"ವಾಸಿಸುತ್ತಿದ್ದನು" ಎಂದು ಯಾವ ಅಜ್ಜಿಯೂ ಕಥೆ ಹೇಳುವುದಿಲ್ಲ, "ಇದ್ದ" ಎನ್ನುತ್ತಾಳೆ. ಕಿವಿಗೆ ಬರೆಯುವುದೆಂದರೆ ಇಷ್ಟೇ. ವಾಕ್ಯ ಒಂದೇ ಉಸಿರಿನಲ್ಲಿ ಹೇಳುವಷ್ಟಿರಬೇಕು. ಮಕ್ಕಳಿಗೆ ಮರುಕಳಿಸುವ ಮಾತು ಇಷ್ಟ. ಪ್ರತಿ ಪುಟದಲ್ಲೂ ಪುಟ್ಟಿ "ದೋಸೆ ತಿಂದದ್ದು ಯಾರು?" ಎಂದು ಕೇಳಿದರೆ, ನಾಲ್ಕನೇ ಪುಟದ ಹೊತ್ತಿಗೆ ಕೇಳುತ್ತಿರುವ ಮಗು ತಾನೇ ಆ ಮಾತನ್ನು ಹೇಳತೊಡಗುತ್ತದೆ. ಅದು ಓದಿನ ಮೊದಲ ಮೆಟ್ಟಿಲು. ಅದೇ ಮಾತು ಅದೇ ಜಾಗದಲ್ಲಿ ಮತ್ತೆಮತ್ತೆ ಕಂಡಾಗ, ಓದುವವರು ಅಕ್ಷರಗಳ ಕೆಳಗೆ ಬೆರಳು ಹರಿಸಿದರೆ, ಮಗುವಿನ ಕಣ್ಣು ಅಕ್ಷರಕ್ಕೂ ಶಬ್ದಕ್ಕೂ ಗಂಟು ಹಾಕುತ್ತದೆ.

ಹಾಗೆಂದು ಒತ್ತಕ್ಷರಗಳಿಗೆ ಹೆದರಬೇಕಾಗಿಲ್ಲ. ಅಮ್ಮ, ಅಜ್ಜ, ಬೆಕ್ಕು, ಡಬ್ಬ ಇವೆಲ್ಲ ಒತ್ತಕ್ಷರಗಳೇ, ಮಗು ಬಲ್ಲ ಪದಗಳೇ. ಹೆದರಬೇಕಾದದ್ದು ಮಗು ಎಂದೂ ಕೇಳಿರದ ಗ್ರಾಂಥಿಕ ಪದಗಳ ರಾಶಿಗೆ. ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ, ಕಲಬುರ್ಗಿಯ ಕನ್ನಡ ಯಾವುದರಲ್ಲಿ ಬರೆಯಬೇಕೆಂಬ ಪ್ರಶ್ನೆಯೂ ಏಳುತ್ತದೆ. ನಿರೂಪಣೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿದ್ದು, ಅಜ್ಜಿಯ ಮಾತು ಅವಳ ಊರಿನ ಕನ್ನಡದಲ್ಲಿದ್ದರೆ ಕಥೆಗೆ ಜೀವ ಬರುತ್ತದೆ. ಡಬ್ಬಾವಾಲಾ ಒಂದೆರಡು ಮಾತು ಮರಾಠಿಯಲ್ಲಿ ಆಡಿದರೆ ಕನ್ನಡಕ್ಕೆ ಕುಂದೇನೂ ಬಾರದು.

ಬರೆದು ಮುಗಿಸಿದ ಮೇಲಿನ ಪರೀಕ್ಷೆ ಅತ್ಯಂತ ಮುಖ್ಯ. ನಾಲ್ಕೈದು ಮಕ್ಕಳನ್ನು ಕೂಡಿಸಿ ಕಥೆಯನ್ನು ಗಟ್ಟಿಯಾಗಿ ಓದಬೇಕು. ಬರೆದವರು ಓದಿದರೆ ಅಭಿನಯದಿಂದ ಕಥೆಯ ದೋಷ ಮುಚ್ಚಿಹೋಗುತ್ತದೆ. ಆದ್ದರಿಂದ ಬೇರೊಬ್ಬರಿಂದ ಓದಿಸಿ, ಬರೆದವರು ಪಕ್ಕದಲ್ಲಿ ಸುಮ್ಮನೆ ಕುಳಿತು ಮಕ್ಕಳ ಮುಖ ನೋಡುವುದು ಒಳ್ಳೆಯದು. ಮಗು ಕಿಟಕಿಯ ಕಡೆ ನೋಡಿದಲ್ಲೆಲ್ಲ ಹಸ್ತಪ್ರತಿಯಲ್ಲಿ ಒಂದು ಗೆರೆ ಎಳೆಯಬೇಕು. ಓದುವವರು ತಡವರಿಸಿದಲ್ಲಿ ಇನ್ನೊಂದು ಗೆರೆ. ಆ ಗೆರೆಗಳಿದ್ದ ವಾಕ್ಯಗಳನ್ನು ತಿದ್ದಬೇಕು, ಇಲ್ಲವೇ ಕಿತ್ತುಹಾಕಬೇಕು. "ಕಥೆ ಚೆನ್ನಾಗಿತ್ತೇ?" ಎಂದು ಮಕ್ಕಳನ್ನು ಕೇಳಿ ಫಲವಿಲ್ಲ, ಅವರು ಮರ್ಯಾದೆಗೆ ಹೌದೆನ್ನುತ್ತಾರೆ. "ಇನ್ನೊಮ್ಮೆ ಓದಿ" ಎಂದು ತಾವಾಗಿ ಕೇಳಿದರೆ ಅದೇ ಪ್ರಶಸ್ತಿ.

ಪುಟ, ಚಿತ್ರ, ಅಚ್ಚಿನ ಲೆಕ್ಕ

ಕಥೆಯ ಉದ್ದವನ್ನು ಮಗುವಿನ ಪ್ರಾಯ ನಿರ್ಧರಿಸುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ತನ್ನ ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಮೊದಲ ಹಂತದ ಕಥೆ ಸುಮಾರು 250 ಪದಗಳೊಳಗೆ, ಎರಡನೆಯದು 600ರ ತನಕ, ಮೂರನೆಯದು 1,500ರ ತನಕ, ನಾಲ್ಕನೆಯದು ಅದಕ್ಕೂ ಮೇಲೆ. ಹೊಸಬರು ಎರಡನೇ ಹಂತವನ್ನು ಗುರಿಯಾಗಿಟ್ಟುಕೊಳ್ಳುವುದು ಲೇಸು. ಮಲಗುವ ಮುಂಚೆ ಗಟ್ಟಿಯಾಗಿ ಓದಿದರೆ ಐದಾರು ನಿಮಿಷದ ಕಥೆ ಅದು. ಪುಟ್ಟಿಯ ಡಬ್ಬದ ಕಥೆ ಅಷ್ಟರಲ್ಲಿ ಮುಗಿಯಬೇಕು.

ಪಿನ್ನು ಹೊಡೆದು ಹೊಲಿಯುವ ಪುಸ್ತಕದ ಪುಟಗಳು ಯಾವಾಗಲೂ ನಾಲ್ಕರ ಗುಣಕದಲ್ಲಿರುತ್ತವೆ: 16, 20, 24, 32. ಇದು ತಿಳಿಯದೆ ಬರೆದರೆ ಕೊನೆಗೆ ಮೂರು ಪುಟ ಖಾಲಿ ಉಳಿದು ಅಲ್ಲಿ ಜಾಹೀರಾತು ತುಂಬಬೇಕಾಗುತ್ತದೆ. 24 ಪುಟಗಳ ಪುಸ್ತಕದಲ್ಲಿ ಶೀರ್ಷಿಕೆ, ಪ್ರಕಾಶನ ವಿವರಗಳನ್ನು ಕಳೆದರೆ ಎದುರುಬದುರು ಪುಟಗಳ ಸುಮಾರು ಹತ್ತು ಜೋಡಿಗಳು ಕಥೆಗೆ ಸಿಗುತ್ತವೆ. ಅಂದರೆ ಹತ್ತು ದೃಶ್ಯಗಳು. ಬರೆಯುವ ಮುನ್ನ ಹಳೆಯ ಕಾಗದ ಮಡಚಿ ಪುಟ್ಟ ಮಾದರಿ ಪುಸ್ತಕ ಮಾಡಿ, ಯಾವ ಪುಟದಲ್ಲಿ ಏನಾಗುತ್ತದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಗುಟ್ಟು ಪುಟ ತಿರುಗಿಸಿದ ಮೇಲೆ ಬಯಲಾಗಬೇಕು. ಡಬ್ಬದ ಮುಚ್ಚಳ ಬಲಪುಟದ ಕೊನೆಯಲ್ಲಿ ಮುಚ್ಚಿರಲಿ, ಲಾಡು ಮುಂದಿನ ಪುಟದಲ್ಲಿ ಕಾಣಲಿ.

ಚಿತ್ರ ತೋರಿಸುವುದನ್ನು ಮಾತು ಮತ್ತೆ ಹೇಳಬೇಕಾಗಿಲ್ಲ. "ಪುಟ್ಟಿ ಕೆಂಪು ಲಂಗ ತೊಟ್ಟಿದ್ದಳು" ಎಂಬ ವಾಕ್ಯವನ್ನು ಚಿತ್ರಕಾರರಿಗೆ ಬಿಟ್ಟುಬಿಡಬಹುದು. ಚಿತ್ರಕಾರರನ್ನು ಕೊನೆಗಳಿಗೆಯಲ್ಲಿ ಹುಡುಕುವುದು, ಸಂಭಾವನೆ ಕೊಡದಿರುವುದು, ಹೆಸರು ಹಾಕದಿರುವುದು ನಮ್ಮ ಸಂಘಗಳ ಪ್ರಕಟಣೆಗಳಲ್ಲಿ ಆಗಾಗ ಕಾಣುವ ಲೋಪ. ಮಕ್ಕಳ ಪುಸ್ತಕದಲ್ಲಿ ಚಿತ್ರಕಾರರು ಸಹಲೇಖಕರೇ ಸರಿ, ಮುಖಪುಟದಲ್ಲಿ ಅವರ ಹೆಸರೂ ಇರಬೇಕು.

ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗವಿರಲಿ, ಚಿತ್ರದ ಗಾಢ ಬಣ್ಣದ ಮೇಲೆ ಅಕ್ಷರ ಬೀಳದಿರಲಿ. ಕನ್ನಡ ಬಾರದ ಮುದ್ರಣಾಲಯಗಳಲ್ಲಿ ಕೆಲಸ ಮಾಡಿಸುವ ಹೊರನಾಡಿಗರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಅದಲುಬದಲಾಗುವುದುಂಟು. ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಬರೆದು, ಕೊನೆಯ ಕರಡನ್ನು ಕಾಗದದ ಮೇಲೆ ಇಬ್ಬರು ಬೇರೆಬೇರೆಯಾಗಿ ತಿದ್ದಿದರೆ ಕ್ಷೇಮ. ಮಗು ಮೊದಲು ಕಾಣುವ ಕನ್ನಡ ಅಕ್ಷರವೇ ತಪ್ಪಾಗಿರಬಾರದಲ್ಲವೇ?

ಪ್ರಕಟಣೆಯ ದಾರಿಗಳು

1947ರಲ್ಲಿ ಅಂದಿನ ಮದರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿ 1949ರಲ್ಲಿ ಕನ್ನಡಕ್ಕೂ ಬಂದ 'ಚಂದಮಾಮ' ಹೊರನಾಡಿನ ಅದೆಷ್ಟೋ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಓದಲು ಕಲಿಸಿತ್ತು. 2013ರ ಹೊತ್ತಿಗೆ ಅದರ ಪ್ರಕಟಣೆ ನಿಂತುಹೋಯಿತು. ಹಾಗೆಂದು ಬಾಗಿಲುಗಳೆಲ್ಲ ಮುಚ್ಚಿಲ್ಲ.

ಹೊಸಬರು ಮೊದಲು ಕನ್ನಡ ಪತ್ರಿಕೆಗಳ ಸಾಪ್ತಾಹಿಕ ಪುರವಣಿಗಳಿಗೆ, ಹೊರನಾಡಿನಿಂದಲೇ ಹೊರಡುವ ಸಂಘದ ಮಾಸಿಕಗಳಿಗೆ ಕಥೆ ಕಳುಹಿಸಿ ಕೈ ಪಳಗಿಸಿಕೊಳ್ಳಬಹುದು. ಪುಸ್ತಕಕ್ಕೆ ಬಂದರೆ, 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಮಕ್ಕಳ ಪುಸ್ತಕಗಳನ್ನು ಕಡಿಮೆ ಬೆಲೆಗೆ ತರುತ್ತದೆ. ಬೆಂಗಳೂರಿನ ನವಕರ್ನಾಟಕ ಪ್ರಕಾಶನ ಬಹುಕಾಲದಿಂದ ಮಕ್ಕಳ ಪುಸ್ತಕಗಳನ್ನು ಪ್ರಕಟಿಸುತ್ತಿದೆ. ಚೆನ್ನೈಯ ತೂಲಿಕಾ ಇಂಗ್ಲಿಷಿನೊಡನೆ ಕನ್ನಡವನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕಿದ ದ್ವಿಭಾಷಾ ಚಿತ್ರಪುಸ್ತಕಗಳನ್ನು ಹೊರತಂದಿದೆ. ಕನ್ನಡ ಅಕ್ಷರ ಬಾರದ ತಾಯ್ತಂದೆಯರಿರುವ ಮನೆಗೆ ಇಂಥ ಪುಸ್ತಕ ವರದಾನ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್'ನಲ್ಲಿ ಕಥೆಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಬಹುದು, ಬೇರೆ ಭಾಷೆಯ ಕಥೆಯನ್ನು ಕನ್ನಡಕ್ಕೆ ತಂದು ಸೇರಿಸಲೂಬಹುದು. ಸ್ವಂತ ಕಥೆಗೆ ಮುಂಚೆ ಒಂದೆರಡು ಅನುವಾದ ಮಾಡಿದರೆ, ಮಕ್ಕಳ ಕಥೆಯಲ್ಲಿ ಎಷ್ಟು ಕಡಿಮೆ ಮಾತು ಸಾಕಾಗುತ್ತದೆಂಬುದು ಕೈಗೇ ತಿಳಿಯುತ್ತದೆ.

ಸಂಘವೇ ಪ್ರಕಟಿಸುವುದಾದರೆ ಕೆಲವು ನಿಯಮಗಳು ಗೊತ್ತಿರಬೇಕು. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ನೀಡುತ್ತದೆ. ಅದಕ್ಕಾಗಿ ಮಧ್ಯವರ್ತಿಗಳಿಗೆ ಹಣ ಕೊಡಬೇಕಾಗಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಟವಾದ 30 ದಿನಗಳೊಳಗೆ ಕೋಲ್ಕತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈಯ ಕನ್ನೆಮರ, ಮುಂಬಯಿಯ ಕೇಂದ್ರ ಗ್ರಂಥಾಲಯ, ದೆಹಲಿ ಪಬ್ಲಿಕ್ ಲೈಬ್ರರಿಗಳಿಗೂ ಪ್ರತಿ ಕಳುಹಿಸಬೇಕು. ಹಳೆಯ ಕೃತಿಗಳನ್ನು ಮರುಮುದ್ರಿಸುವಾಗ ಹಕ್ಕುಸ್ವಾಮ್ಯ ನೋಡಬೇಕು. ಭಾರತದಲ್ಲಿ ಅದು ಲೇಖಕರ ನಿಧನಾನಂತರ 60 ವರ್ಷಗಳವರೆಗೆ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆಯವರ ಬರಹಗಳನ್ನು ಯಾರೂ ಅಚ್ಚು ಹಾಕಬಹುದು. 1979ರಲ್ಲಿ ನಿಧನರಾದ ರಾಜರತ್ನಂ ಅವರ ಪದ್ಯಗಳಿಗೆ 2039ರ ಕೊನೆಯವರೆಗೂ ಅನುಮತಿ ಬೇಕು. ಹೊಸ ಕಥೆಯ ಹಕ್ಕು ಲೇಖಕರಲ್ಲೇ ಉಳಿಯುವಂತೆ ಒಂದು ಪುಟದ ಒಪ್ಪಂದ ಬರೆದಿಟ್ಟುಕೊಂಡರೆ ಮುಂದೆ ಮನಸ್ತಾಪವಿಲ್ಲ.

ಮನ್ನಣೆಯೂ ಇಲ್ಲದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ನೀಡುತ್ತ ಬಂದಿದೆ. ಮೊದಲ ವರ್ಷ ಕನ್ನಡಕ್ಕೆ ಅದು ಬೊಳುವಾರು ಮಹಮದ್ ಕುಂಞಿ ಅವರ, ಗಾಂಧೀಜಿಯವರ ಬದುಕನ್ನು ಮಕ್ಕಳಿಗೆ ಹೇಳುವ ಕೃತಿಯ ಮೂಲಕ ಸಂದಿತು. 2021ರಲ್ಲಿ ಬಸು ಬೇವಿನಗಿಡದ, 2022ರಲ್ಲಿ ತಮ್ಮಣ್ಣ ಬೀಗಾರ, 2023ರಲ್ಲಿ ವಿಜಯಶ್ರೀ ಹಾಲಾಡಿ ಈ ಪುರಸ್ಕಾರ ಪಡೆದರು. ಒಳನಾಡಿನಲ್ಲಿ ಮಕ್ಕಳ ಕಥೆ, ಕಾದಂಬರಿ ಹೊಸ ಚೈತನ್ಯ ಪಡೆಯುತ್ತಿರುವಾಗ ಹೊರನಾಡು ಹಿಂದುಳಿಯಬೇಕಾಗಿಲ್ಲ.

ಸಂಘಗಳು ಮಾಡಬಹುದಾದದ್ದು

ಇದಕ್ಕೆಲ್ಲ ದೊಡ್ಡ ನಿಧಿ ಬೇಕಾಗಿಲ್ಲ. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಶನ್‌ನಂಥ ಶತಮಾನದ ಸಂಸ್ಥೆಯಿರಲಿ, ನಿನ್ನೆ ಮೊನ್ನೆ ಆರಂಭವಾದ ಉಪನಗರದ ಪುಟ್ಟ ಬಳಗವಿರಲಿ, ತಿಂಗಳಿಗೊಂದು ಭಾನುವಾರ ಎರಡು ತಾಸು ಬಿಡುವು ಮಾಡಿಕೊಂಡರೆ ಸಾಕು. ಮೊದಲ ತಿಂಗಳು ಹಿರಿಯರು ತಮ್ಮ ಬಾಲ್ಯದ ಒಂದೊಂದು ಕಥೆ ಹೇಳಲಿ. ಎರಡನೇ ತಿಂಗಳು ಮಕ್ಕಳು ತಮ್ಮ ಕಟ್ಟಡದ, ಶಾಲೆಯ, ರೈಲಿನ ಒಂದೊಂದು ಘಟನೆ ಹೇಳಲಿ, ಹಿರಿಯರು ಬರೆದುಕೊಳ್ಳಲಿ. ಮೂರನೇ ತಿಂಗಳು ಕರಡು ಓದಲಿ, ಮಕ್ಕಳೆದುರೇ ತಿದ್ದಲಿ. ಆರು ತಿಂಗಳಲ್ಲಿ ಐದಾರು ಕಥೆಗಳು ಸಿದ್ಧವಾದರೆ, ಅವುಗಳಲ್ಲಿ "ಇನ್ನೊಮ್ಮೆ ಓದಿ" ಎಂದು ಮಕ್ಕಳು ಕೇಳಿದ ಒಂದನ್ನು 24 ಪುಟದ ಪುಸ್ತಕ ಮಾಡಲಿ. ಮುಂದಿನ ವಾರ್ಷಿಕೋತ್ಸವದ ಬಹುಮಾನಕ್ಕೆ ಅದೇ ಪುಸ್ತಕ ಕೊಡಲಿ. ಬಿಡುಗಡೆಯ ದಿನ ಭಾಷಣಗಳನ್ನು ಎರಡಕ್ಕೆ ಇಳಿಸಿ, ಒಬ್ಬ ಅಜ್ಜಿಯಿಂದ ಕಥೆ ಓದಿಸಲಿ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ. ಮುಂದೆ ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲೂ ಅದರ ನೆರಳು ಬಿದ್ದಿದೆ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತಂತೆ. ಯಾರಿಗೂ ಹೇಳದೆ ಅವಳು ಅವನ್ನು ತನ್ನೊಳಗೇ ಇಟ್ಟುಕೊಂಡಿದ್ದಳು. ಉಸಿರುಗಟ್ಟಿದ ಕಥೆ ಮತ್ತು ಹಾಡು ಅವಳು ನಿದ್ದೆಯಲ್ಲಿದ್ದಾಗ ಬಾಯಿಂದ ಹೊರಬಂದು, ಒಂದು ಬಾಗಿಲ ಬಳಿ ಜೋಡಾಗಿ, ಇನ್ನೊಂದು ಗೂಟದ ಮೇಲೆ ಅಂಗಿಯಾಗಿ, ಗಂಡಹೆಂಡಿರ ನಡುವೆ ಜಗಳ ಹಚ್ಚಿ ಸೇಡು ತೀರಿಸಿಕೊಂಡವಂತೆ.

ಹೊರನಾಡ ಮನೆಗಳಲ್ಲಿ ಹೇಳದೆ ಉಳಿದ ಕಥೆಗಳು ಎಷ್ಟಿಲ್ಲ? ಹೋಟೆಲಿನ ಅಡುಗೆಮನೆಯಲ್ಲಿ ಮಲಗಿ ರಾತ್ರಿ ಶಾಲೆಗೆ ಹೋದ ಅಜ್ಜನ ಕಥೆ, ಮೊದಲ ಸಲ ಲೋಕಲ್ ಹತ್ತಿದ ಅಜ್ಜಿಯ ಕಥೆ, ಚಾಳಿನ ನೆರೆಮನೆಯವಳಿಂದ ಮರಾಠಿ ಕಲಿತು ಅವಳಿಗೆ ಕನ್ನಡ ಕಲಿಸಿದ ಅಮ್ಮನ ಕಥೆ. ಕೇಳುವ ಕಿವಿ ಮನೆಯಲ್ಲೇ ಇದೆ, ಅದಕ್ಕಿನ್ನೂ ಕನ್ನಡ ಅರ್ಥವಾಗುತ್ತದೆ. ಇನ್ನೊಂದು ತಲೆಮಾರು ಕಳೆದರೆ ಅರ್ಥವಾಗುತ್ತದೆಂದು ಹೇಳಲಾಗದು. ಸಂಘದ ಸದಸ್ಯರು ಈ ವಾರವೇ ಒಂದು ಕಥೆಯನ್ನು ಮನೆಯ ಮಗುವಿಗೆ ಹೇಳಿ, ಹೇಳಿದ ಹಾಗೆಯೇ ಕಾಗದಕ್ಕಿಳಿಸಿದರೆ ಕೆಲಸ ಆರಂಭವಾದಂತೆಯೇ.